ಶೇಕಡಾ 3ರ ವೇಗಕ್ಕೆ ಎಷ್ಟು ಬೆಲೆ? – ಪ್ರೊಸೆಸರ್ ಖರೀದಿಯ ಲೆಕ್ಕಾಚಾರ

ತೂಕದ ಕಾಟಾ, ಪ್ಯಾಕಿಂಗ್ ಯಂತ್ರ ಅಥವಾ ಚರ್ಮ ಹೊಲಿಯುವ ಯಂತ್ರ ಕೊಳ್ಳುವಾಗ ನಮ್ಮ ವ್ಯಾಪಾರಿ ಬಾಂಧವರು ಪ್ರತಿ ರೂಪಾಯಿಗೂ ಕಾರಣ ಕೇಳುತ್ತಾರೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ‘ಇದು ಹೊಸದು, ಹೆಚ್ಚು ವೇಗದ್ದು’ ಎಂಬ ಮಾರಾಟಗಾರರ ಮಾತೇ ಅಂತಿಮವಾಗುತ್ತದೆ. ಮೇಲ್ದರ್ಜೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರ್ ವೇಗದಲ್ಲಿ ಅಲ್ಪ ಏರಿಕೆಯಾದಾಗ ಅದಕ್ಕೆ ಹೆಚ್ಚು ಹಣ ತೆರಬೇಕೇ ಎಂಬುದನ್ನು ಲೆಕ್ಕದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವೇಗ ಮತ್ತು ಬೆಲೆ

ಇಂಟೆಲ್ ಸಂಸ್ಥೆಯ ಕೋರ್ ಐ9-14900ಕೆ ಪ್ರೊಸೆಸರ್ 2023ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಗರಿಷ್ಠ ವೇಗ 6.0 ಗಿಗಾಹರ್ಟ್ಸ್, ಅಮೆರಿಕದಲ್ಲಿ ಘೋಷಿಸಿದ ಬೆಲೆ 589 ಡಾಲರ್. 2024ರ ಮಾರ್ಚ್‌ನಲ್ಲಿ ಬಂದ 14900ಕೆಎಸ್ ಮಾದರಿಯ ಗರಿಷ್ಠ ವೇಗ 6.2 ಗಿಗಾಹರ್ಟ್ಸ್, ಬೆಲೆ 689 ಡಾಲರ್. ಎರಡರಲ್ಲಿಯೂ ಕೋರ್‌ಗಳು 24. ಅಂದರೆ ವೇಗದಲ್ಲಿ ಶೇಕಡಾ 3.3ರಷ್ಟು ಏರಿಕೆಗೆ ಬೆಲೆಯಲ್ಲಿ ಶೇಕಡಾ 17ರಷ್ಟು ಏರಿಕೆ. ಅಲ್ಲದೆ ಈ ಗರಿಷ್ಠ ವೇಗವು ಎಲ್ಲ ಕೋರ್‌ಗಳಿಗೂ ಸಲ್ಲುವುದಿಲ್ಲ. ಒಂದೆರಡು ಕೋರ್‌ಗಳು, ಅದೂ ಶಾಖ ಮಿತಿಯಲ್ಲಿದ್ದಾಗ ಮಾತ್ರ, ಆ ಮಟ್ಟವನ್ನು ಮುಟ್ಟುತ್ತವೆ.

ವಿಳಂಬ ಎಲ್ಲಿದೆ?

ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳ ಸಾಲು ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ತಡವಾಗುತ್ತಿರುವುದು ಕಾಟಾದ ಮುಂದೆ ಎಂದಾದರೆ, ಒಳಗಿನ ಗಾಣದ ವೇಗವನ್ನು ಶೇಕಡಾ 3ರಷ್ಟು ಹೆಚ್ಚಿಸಿ ಪ್ರಯೋಜನವಿಲ್ಲ. ಗಾಣವೂ ಕಬ್ಬಿಗಾಗಿ ಕಾಯುತ್ತದೆ. ಕಂಪ್ಯೂಟರಿನಲ್ಲಿ ಪ್ರೊಸೆಸರ್ ಗಾಣವಿದ್ದಂತೆ. ಡಿಸ್ಕ್, ಮೆಮೊರಿ, ಇಂಟರ್‌ನೆಟ್ ಸಂಪರ್ಕ ಹಾಗೂ ನಮೂದಿಸುವವರ ಬೆರಳು ಅದರ ಮುಂದಿನ ಕಾಟಾಗಳು. ಒಟ್ಟು ಕೆಲಸದ ಒಂದು ಭಾಗವನ್ನಷ್ಟೇ ಚುರುಕುಗೊಳಿಸಿದರೆ ಲಾಭವು ಆ ಭಾಗದ ಪ್ರಮಾಣವನ್ನು ಮೀರದು ಎಂಬ ತತ್ವವನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿಯೇ ಮಂಡಿಸಿದ್ದರು.

ಇದನ್ನು ಅಳೆಯುವುದು ಕಷ್ಟವಲ್ಲ. ತಡವಾಗುವ ಕೆಲಸ ನಡೆಯುತ್ತಿರುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಅಥವಾ ಮೆಮೊರಿ ತುಂಬಿದ್ದರೆ ದೋಷ ಅಲ್ಲಿದೆ. ಒಂದೇ ಕೋರ್ ದುಡಿಯುತ್ತಿದ್ದಾಗ ಪ್ರೊಸೆಸರಿನ ಒಟ್ಟು ಅಂಕಿ ಕಡಿಮೆ ಕಾಣುವುದರಿಂದ, ಪ್ರತಿ ಕೋರಿನ ನಕ್ಷೆಯನ್ನೂ ನೋಡಬೇಕು. ಜಿಎಸ್‌ಟಿ ಜಾಲತಾಣ ತೆರೆಯಲು ತಡವಾಗುವುದಕ್ಕೆ ಹೊಸ ಪ್ರೊಸೆಸರ್ ಮದ್ದಲ್ಲ.

ಎರಡು ಉದಾಹರಣೆಗಳು

ಬೆಲೆಯ ವ್ಯತ್ಯಾಸ 10,000 ರೂಪಾಯಿ, ವರ್ಷಕ್ಕೆ 300 ಕೆಲಸದ ದಿನಗಳು ಎಂದು ಭಾವಿಸೋಣ.

ಮೊದಲನೆಯದು, ನಿಪ್ಪಾಣಿಯ ತಂಬಾಕು ವ್ಯಾಪಾರಿಯ ಲೆಕ್ಕಪತ್ರ ವಿಭಾಗ. ದಿನಕ್ಕೆ 60 ನಿಮಿಷ ದಾಸ್ತಾನು ಮತ್ತು ಬಾಕಿ ವರದಿಗಳ ಕೆಲಸ. ಅದರಲ್ಲಿ ಪ್ರೊಸೆಸರಿನ ಪಾಲು 15 ನಿಮಿಷ ಎನ್ನೋಣ. ಶೇಕಡಾ 3.3ರ ವೇಗದಿಂದ ಉಳಿಯುವುದು ದಿನಕ್ಕೆ ಸುಮಾರು 29 ಸೆಕೆಂಡು. ವರ್ಷಕ್ಕೆ 2 ಗಂಟೆ 25 ನಿಮಿಷ. ಗುಮಾಸ್ತರ ವೇತನ ಗಂಟೆಗೆ 100 ರೂಪಾಯಿ ಎಂದರೂ ವರ್ಷದ ಉಳಿತಾಯ ಸುಮಾರು 240 ರೂಪಾಯಿ. ಹತ್ತು ಸಾವಿರ ಮರಳಲು ನಾಲ್ಕು ದಶಕಗಳೇ ಬೇಕು!

ಎರಡನೆಯದು, ದಿನಕ್ಕೆ 8 ಗಂಟೆ ಮೂರು ಆಯಾಮದ ಚಿತ್ರಗಳನ್ನು ಸಿದ್ಧಪಡಿಸುವ ವಿನ್ಯಾಸ ಘಟಕ. ಇಲ್ಲಿ ಇಡೀ ಸಮಯ ಪ್ರೊಸೆಸರಿನದೇ, ವೇಗದ ಏರಿಕೆಯೂ ಪೂರ್ಣವಾಗಿ ದೊರೆಯುತ್ತದೆ ಎಂದು ಉದಾರವಾಗಿ ಒಪ್ಪೋಣ. ಆಗ ದಿನಕ್ಕೆ 15 ನಿಮಿಷ 29 ಸೆಕೆಂಡು, ವರ್ಷಕ್ಕೆ 77 ಗಂಟೆ ಉಳಿಯುತ್ತದೆ. ಗಂಟೆಗೆ 200 ರೂಪಾಯಿ ಲಾಭವಿದ್ದರೆ 15,400 ರೂಪಾಯಿ. ವರ್ಷದೊಳಗೇ ಹಣ ಮರಳುತ್ತದೆ. ಆದರೆ ಉಳಿದ ಗಂಟೆಗಳಿಗೆ ಗಿರಾಕಿಯ ಕೆಲಸ ಇದ್ದಾಗ ಮಾತ್ರ ಅದು ಲಾಭ. ಇಲ್ಲವಾದರೆ ಬರಿಯ ಬಿಡುವು.

ತೆರಿಗೆಯ ದೃಷ್ಟಿ

‘ಹೇಗೂ ಸವಕಳಿ ಸಿಗುತ್ತದೆ’ ಎಂಬ ವಾದ ಸಾಮಾನ್ಯ. ಕಂಪ್ಯೂಟರಿನ ಸವಕಳಿ ದರ 2017ರ ಏಪ್ರಿಲ್ 1ರಿಂದ ಶೇಕಡಾ 60ರಿಂದ 40ಕ್ಕೆ ಇಳಿಯಿತು. 10,000 ರೂಪಾಯಿಗೆ ಮೊದಲ ವರ್ಷ 4,000 ರೂಪಾಯಿ ಸವಕಳಿ; ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅದರ ಅರ್ಧ. ಶೇಕಡಾ 30ರ ತೆರಿಗೆದಾರರಿಗೂ ಉಳಿಯುವ ತೆರಿಗೆ 1,200 ರೂಪಾಯಿ, ಮೇಲ್ತೆರಿಗೆ ಬೇರೆ. ಅಂದಾಜು ಆದಾಯದ ಪದ್ಧತಿಯಲ್ಲಿರುವವರಿಗೆ ಪ್ರತ್ಯೇಕ ಸವಕಳಿಯೇ ಇಲ್ಲ. ರಾಜಿ ತೆರಿಗೆ ಯೋಜನೆಯವರಿಗೆ ಜಿಎಸ್‌ಟಿ ಜಮೆಯೂ ಇಲ್ಲ. ತೆರಿಗೆಯ ರಿಯಾಯಿತಿ ಖರ್ಚನ್ನು ಹಗುರಗೊಳಿಸೀತು, ಸಮರ್ಥಿಸಲಾರದು.

ಕೊನೆಯ ವೇಗದ ಅಪಾಯ

ಯಂತ್ರವನ್ನು ಅದರ ಮಿತಿಯ ಅಂಚಿನಲ್ಲಿ ಓಡಿಸುವುದಕ್ಕೂ ಬೆಲೆ ಉಂಟು. ಈ ಎರಡೂ ಮಾದರಿಗಳು ಪೂರ್ಣ ಹೊರೆಯಲ್ಲಿ 253 ವ್ಯಾಟ್‌ವರೆಗೆ ವಿದ್ಯುತ್ ಬಳಸಬಲ್ಲವು. ಹಳೆಯ ಚಿಕ್ಕ ಯುಪಿಎಸ್ ಸಾಲದು, ಅಥಣಿ-ಕಾಗವಾಡದ ಬೇಸಿಗೆಯಲ್ಲಿ ತಂಪಾಗಿಸುವ ವ್ಯವಸ್ಥೆಯೂ ದುಬಾರಿ. ಇದಕ್ಕಿಂತ ಮುಖ್ಯವಾಗಿ, 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವಿದ್ಯುತ್ ಒತ್ತಡ ಮಿತಿಮೀರಿ ಅಸ್ಥಿರತೆ ಉಂಟಾಗುತ್ತಿದೆ ಎಂದು 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ಬಳಿಕ ದುರಸ್ತಿಯ ಮೈಕ್ರೋಕೋಡ್ ಬಿಡುಗಡೆ ಮಾಡಿ, ಖಾತರಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಪೀಳಿಗೆಯ ಯಂತ್ರವುಳ್ಳವರು ಬಯೋಸ್ ನವೀಕರಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು. ರಿಟರ್ನ್ ಸಲ್ಲಿಸುವ ದಿನ ಯಂತ್ರ ನಿಂತರೆ, ವರ್ಷವಿಡೀ ಉಳಿಸಿದ ಸೆಕೆಂಡುಗಳು ಒಂದೇ ಮಧ್ಯಾಹ್ನದಲ್ಲಿ ಕರಗುತ್ತವೆ.

ಖರೀದಿಗೆ ಮುನ್ನ

1. ತಡವಾಗುವ ಕೆಲಸವನ್ನು ಗಡಿಯಾರ ಹಿಡಿದು ಒಂದು ವಾರ ಅಳೆಯಿರಿ.
2. ಅದರಲ್ಲಿ ಪ್ರೊಸೆಸರಿನ ಪಾಲನ್ನು ಬೇರ್ಪಡಿಸಿರಿ.
3. ಉಳಿಯುವ ಗಂಟೆಗಳನ್ನು ನಿಮ್ಮ ದರದಿಂದ ಗುಣಿಸಿ, ಬೆಲೆಯ ವ್ಯತ್ಯಾಸದೊಡನೆ ಹೋಲಿಸಿರಿ. ಯಂತ್ರದ ಆಯುಷ್ಯವನ್ನು 3 ವರ್ಷಕ್ಕಿಂತ ಹೆಚ್ಚು ಹಿಡಿಯಬೇಡಿ.
4. ಅದೇ ಹಣಕ್ಕೆ ಎಸ್‌ಎಸ್‌ಡಿ, ಹೆಚ್ಚಿನ ಮೆಮೊರಿ, ಒಳ್ಳೆಯ ಯುಪಿಎಸ್ ಅಥವಾ ಲೆಕ್ಕಪತ್ರದ ಪ್ರತಿ ಕಾಯ್ದಿಡುವ ವ್ಯವಸ್ಥೆ ಬರುತ್ತದೆಯೇ ನೋಡಿರಿ.

ಹೊಸ ಮಾದರಿ ಬಂದಾಗ ಹಿಂದಿನದರ ಬೆಲೆ ಇಳಿಯುವುದುಂಟು. ಹೆಚ್ಚಿನ ವರ್ತಕರಿಗೆ ಅಲ್ಪ ವೇಗವೃದ್ಧಿಯ ನಿಜವಾದ ಲಾಭ ಅದೇ: ಹೊಸದನ್ನು ಕೊಳ್ಳುವುದರಲ್ಲಿ ಅಲ್ಲ, ಅದರ ಹಿಂದಿನದನ್ನು ಕಡಿಮೆ ಬೆಲೆಗೆ ಪಡೆಯುವುದರಲ್ಲಿ.