ಊರು ಎಷ್ಟು ದೂರ?

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾಕ್ಕೆ ಹೊಸದಾಗಿ ಬಂದವರು ಮನೆಯಲ್ಲಿ ಗ್ಲೋಬ್ ಇದ್ದರೆ ಮಕ್ಕಳನ್ನು ಕೂರಿಸಿಕೊಂಡು ಒಂದು ದಾರ ಹಿಡಿಯಿರಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ. ಬಿಗಿಯಾಗಿ ಎಳೆದರೆ ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಅತಿ ಹತ್ತಿರದ ದಾರಿ ಅದೇ, ಸುಮಾರು 14,000 ಕಿ.ಮೀ.

ನಮಗೆ ಸಿಗುವ ಟಿಕೆಟ್ಟು ಈ ದಾರದ ಮೇಲೆ ಹೋಗುವುದು ಅಪರೂಪ. ದುಬೈ ಮೇಲೆ ಹೋದರೆ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲೆ 16,500. ಸಾವಿರ ಕಿಲೋಮೀಟರ್ ಹೆಚ್ಚಾದರೆ ಆಕಾಶದಲ್ಲಿ ಒಂದೂಕಾಲು ಗಂಟೆ ಹೆಚ್ಚು, ಅಷ್ಟೇ. ನಡುವಿನ ಊರಲ್ಲಿ ಕಾಯುವುದು ಎಂಟು ಗಂಟೆಯಾದರೆ ಆ ಲೆಕ್ಕವೇ ಬೇರೆ. ಆದ್ದರಿಂದ ದೂರವನ್ನು ಮನೆಬಾಗಿಲಿಂದ ಮನೆಬಾಗಿಲಿಗೆ, ಗಂಟೆಗಳಲ್ಲಿ ಎಣಿಸಿ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹಾಸನಕ್ಕೋ ಶಿವಮೊಗ್ಗಕ್ಕೋ ಹಿಡಿಯುವ ರಸ್ತೆಯನ್ನೂ ಸೇರಿಸಿ.

ವೇಳೆಯ ವ್ಯತ್ಯಾಸ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. 2021ರ ಜನವರಿ 9ರ ಶನಿವಾರ ರಾತ್ರಿ ನಾಲ್ವರು ಮಹಿಳಾ ಪೈಲಟ್‌ಗಳು ಇಲ್ಲಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಹಾರಿಸಿದರು. ಹಾರಿದ್ದು ಸುಮಾರು ಹದಿನೇಳು ಗಂಟೆ, ಇಳಿದದ್ದು ಸೋಮವಾರ ನಸುಕಿನಲ್ಲಿ. ಭಾನುವಾರವಿಡೀ ದಾರಿಯಲ್ಲೇ ಕಳೆದುಹೋಯಿತು. "ನಾಳೆ ಬರ್ತೀನಮ್ಮ" ಎಂದು ಫೋನಿನಲ್ಲಿ ಹೇಳುವಾಗ ಯಾರ ನಾಳೆ ಎಂದು ಯೋಚಿಸಿಯೇ ಹೇಳಿ. ಅಲ್ಲಿ ಒಬ್ಬರು ಅನ್ನ ಮಾಡಿಟ್ಟು ಕಾಯುತ್ತಿರುತ್ತಾರೆ.

ಒಮ್ಮೆ ಅಪ್ಪನಿಗೆ ಎದೆನೋವು ಬಂದ ಸುದ್ದಿ ಕೇಳಿ, ಅಗ್ಗಕ್ಕೆ ಸಿಕ್ಕಿತೆಂದು ಎರಡು ಬೇರೆಬೇರೆ ಟಿಕೆಟ್ ಕೊಂಡು ಹೊರಟೆ. ಮೊದಲನೆಯ ವಿಮಾನ ಮೂರು ಗಂಟೆ ತಡವಾಯಿತು, ಎರಡನೆಯದು ಕಾಯದೆ ಹೊರಟುಹೋಯಿತು. ಟಿಕೆಟ್ ಬೇರೆಯಾದ್ದರಿಂದ ಮುಂದಿನ ಸೀಟು ಕೊಡಿಸುವ ಹೊಣೆ ಯಾರದೂ ಅಲ್ಲ. ಅಪ್ಪ ಐಸಿಯುನಲ್ಲಿ, ನಾನು ಗೊತ್ತಿಲ್ಲದ ಊರಿನ ಬೆಂಚಿನ ಮೇಲೆ ಹದಿನಾಲ್ಕು ಗಂಟೆ. ಅಪ್ಪ ಉಳಿದರು. ನಾನು ಮುಟ್ಟುವ ಹೊತ್ತಿಗೆ ವಾರ್ಡಿಗೆ ಬಂದಿದ್ದರು. ಪೂರ್ತಿ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಇಲ್ಲಿರಲು ಕಾಗದಪತ್ರ ಸರಿಯಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿರಬಹುದು. ಆಗ ಕೆಲವು ದೇಶಗಳು ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತವೆ. ವಾಪಸು ಬರಲು ಹೊಸ ಸ್ಟ್ಯಾಂಪಿಂಗ್ ಬೇಕು. ಟಿಕೆಟ್ ಕೊಳ್ಳುವ ಮೊದಲೇ ನೋಡಿ.

ಅಪ್ಪ ಅಮ್ಮ ಇಬ್ಬರೇ ಬರುವುದಾದರೆ ವೀಲ್‌ಚೇರ್ ಕೇಳಿಡಿ. "ನನಗ್ಯಾಕೆ, ನಡೀತೀನಲ್ಲ" ಅನ್ನುತ್ತಾರೆ. ಅದು ಕಾಲಿಗಾಗಿ ಅಲ್ಲ, ಕೈಹಿಡಿದು ಮುಂದಿನ ಗೇಟಿಗೆ ಮುಟ್ಟಿಸುವ ಒಬ್ಬರು ಜೊತೆಗಿರಲಿ ಎಂದು ಬಿಡಿಸಿ ಹೇಳಿ. ಮಾತ್ರೆಗಳು, ಡಾಕ್ಟರ ಚೀಟಿ, ನಿಮ್ಮ ವಿಳಾಸ ಬರೆದ ಕಾಗದ ಅಮ್ಮನ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ.