ಇಳಿವಯಸ್ಸಿಗೆ ಆರೋಗ್ಯ ವಿಮೆ

ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಷ್ಯ 32 ವರ್ಷಗಳ ಆಸುಪಾಸಿನಲ್ಲಿತ್ತು. ಇಂದು ಅದು 70ರ ಆಸುಪಾಸಿಗೆ ಏರಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆಯುಷ್ಯ ಬೆಳೆದಂತೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕಣ್ಣಿನ ಪೊರೆ, ಮಂಡಿನೋವುಗಳೂ ಮನೆಮನೆಯ ಮಾತಾಗಿವೆ. ಗಳಿಕೆ ನಿಂತ ವಯಸ್ಸಿನಲ್ಲಿಯೇ ಆಸ್ಪತ್ರೆಯ ಖರ್ಚು ಏರುತ್ತದೆ. ಮಹಾನಗರದ ಸಣ್ಣ ಮನೆಗಳಲ್ಲಿ, ಮಗನಿಗೆ ಹೊರೆಯಾದೀತೆಂದು ಎದೆನೋವನ್ನು 'ಬರೀ ಗ್ಯಾಸು' ಎಂದು ಬಚ್ಚಿಡುವ ತಾಯಂದಿರಿದ್ದಾರೆ. ಹಣದ ಭಯ ಹೀಗೆ ಪ್ರಾಣಕ್ಕೂ ಎರವಾಗಬಲ್ಲುದು.

ಈ ಭಯಕ್ಕೆ ಒಂದು ಪರಿಹಾರ ಆರೋಗ್ಯ ವಿಮೆ. ಆದರೆ ಅದರ ಆಶ್ರಯ ಪಡೆದ ಹಿರಿಯರು ಕಡಿಮೆ. 2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಗೂ ಹೆಚ್ಚು. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2017-18ರಲ್ಲಿ ನಡೆಸಿದ ವಿಸ್ತಾರವಾದ ಅಧ್ಯಯನದ ಪ್ರಕಾರ, ಅಂಥವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಮಾತ್ರ ಯಾವುದಾದರೊಂದು ಆರೋಗ್ಯ ವಿಮೆಯ ರಕ್ಷಣೆಯಿತ್ತು.

ಹಿಂಜರಿಕೆಯ ಕಾರಣಗಳು

ಮೊದಲನೆಯದು, ವಿಮೆಯ ಬಗೆಗಿರುವ ಕಲ್ಪನೆ. 1956ರಲ್ಲಿ ಜೀವವಿಮಾ ನಿಗಮ ಸ್ಥಾಪನೆಯಾದಂದಿನಿಂದ 'ಪಾಲಿಸಿ' ಎಂದರೆ ಅವಧಿ ಮುಗಿದಾಗ ಹಣ ಮರಳಿ ಬರುವ ಉಳಿತಾಯವೆಂದೇ ಜನ ತಿಳಿದರು. ಸರಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ಆರಂಭಿಸಿದಾಗ, ಕಾಯಿಲೆ ಬೀಳದಿದ್ದರೆ ಕಟ್ಟಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಅನೇಕರಿಗೆ ತೋರಿತು. ಕಳ್ಳ ಬರಲಿಲ್ಲವೆಂದು ಬೀಗಕ್ಕೆ ಕೊಟ್ಟ ಹಣ ವ್ಯರ್ಥವೆಂದು ಯಾರೂ ಹೇಳುವುದಿಲ್ಲ; ಆರೋಗ್ಯ ವಿಮೆಯೂ ಅಂಥದೇ.

ಎರಡನೆಯದು, ಉದ್ಯೋಗದಾತರ ಮೇಲಿನ ಭರವಸೆ. ನಗರಕ್ಕೆ ಬಂದು ನೌಕರಿ ಹಿಡಿದವರಿಗೆ ಕಚೇರಿಯ ಸಾಮೂಹಿಕ ವಿಮೆಯೇ ಸಾಕೆನಿಸುತ್ತದೆ. ಆದರೆ ನಿವೃತ್ತಿಯೊಡನೆ ಆ ರಕ್ಷಣೆ ಸಾಮಾನ್ಯವಾಗಿ ಮುಗಿಯುತ್ತದೆ. ಮಗನ ಕಚೇರಿಯ ವಿಮೆಯಲ್ಲಿ ತಂದೆತಾಯಿಗಳ ಹೆಸರಿದ್ದರೆ, ಅವನು ಕೆಲಸ ಬಿಟ್ಟಾಗ ಅದೂ ತಪ್ಪುತ್ತದೆ.

ಮೂರನೆಯದು, ಹಿಂದಿನ ನಿಯಮಗಳು. ಬಹುಕಾಲ 65 ದಾಟಿದವರಿಗೆ ಹೊಸ ಪಾಲಿಸಿ ದೊರೆಯುವುದೇ ಕಷ್ಟವಾಗಿತ್ತು. ವಿಮೆ ಬೇಕೆಂದು ಅರಿವಾಗುವ ವೇಳೆಗೆ ಬಾಗಿಲು ಮುಚ್ಚಿರುತ್ತಿತ್ತು.

ವಯಸ್ಸಿನ ಮೂರು ಮಜಲುಗಳು

ಬಾಯಾರಿದಾಗ ಬಾವಿ ತೋಡಬಾರದೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. 60ಕ್ಕೆ ಮುಂಚೆ, ಆರೋಗ್ಯ ಚೆನ್ನಾಗಿರುವಾಗಲೇ, ಕಚೇರಿಯ ವಿಮೆಯ ಜೊತೆಗೆ ಸ್ವಂತದ್ದೊಂದು ಪಾಲಿಸಿ ಇರುವುದು ಅತ್ಯುತ್ತಮ. ಮೊದಲೇ ಇದ್ದ ಕಾಯಿಲೆಗಳಿಗೆ ವಿಮೆ ಕೂಡಲೇ ಅನ್ವಯಿಸದೆ, ಕೆಲವು ಕಾಲ ಕಾಯಬೇಕಾಗುತ್ತದೆ. 2024ರ ನಿಯಮದಂತೆ ಈ ಕಾಯುವ ಅವಧಿ 3 ವರ್ಷಗಳನ್ನು ಮೀರುವಂತಿಲ್ಲ. ಗಳಿಕೆಯ ಕಾಲದಲ್ಲೇ ಅದನ್ನು ಕಳೆದವರಿಗೆ ನಿವೃತ್ತಿಯ ವೇಳೆಗೆ ಪೂರ್ಣ ರಕ್ಷಣೆ ಸಿದ್ಧವಾಗಿರುತ್ತದೆ.

60ರಿಂದ 70ರವರೆಗಿನ ಕಾಲ ಅತ್ಯಂತ ಇಕ್ಕಟ್ಟಿನದು. ಕಚೇರಿಯ ನೆರಳು ಸರಿದಿರುತ್ತದೆ. ಸರಕಾರದ ನೆರಳು ಇನ್ನೂ ಬಿದ್ದಿರುವುದಿಲ್ಲ. ಆದರೂ ಈಚೆಗೆ ಕೆಲವು ಅನುಕೂಲಗಳು ಒದಗಿವೆ. 65ರ ವಯೋಮಿತಿ 2024ರಲ್ಲಿ ರದ್ದಾಯಿತು. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ಮೊದಲು ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ತೆರಿಗೆಯನ್ನು ತೆಗೆದುಹಾಕಲಾಯಿತು.

70 ತುಂಬಿದವರಿಗೆ ಆಯುಷ್ಮಾನ್ ಭಾರತ ಯೋಜನೆಯ ಬಾಗಿಲು 2024ರ ಅಕ್ಟೋಬರ್‌ನಲ್ಲಿ ತೆರೆಯಿತು. ಬಡವ ಬಲ್ಲಿದರೆಂಬ ಭೇದವಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆ ಸೇರಿ ಪಡೆಯುವ ಚಿಕಿತ್ಸೆ ಉಚಿತ. ಹಿಂದಿನಿಂದ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ಇದು ಅನ್ವಯಿಸುತ್ತದೆ. ಖಾಸಗಿ ವಿಮೆ ಇದ್ದವರೂ ಅರ್ಹರು. ಕೇಂದ್ರ ಸರಕಾರಿ ಆರೋಗ್ಯ ಯೋಜನೆಯಂಥ ಸೌಲಭ್ಯವುಳ್ಳವರು ಮಾತ್ರ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ವಯಸ್ಸಿಗೆ ಆಧಾರ್ ಕಾರ್ಡೇ ಪ್ರಮಾಣವಾದುದರಿಂದ, ಅದರಲ್ಲಿ ಜನ್ಮದಿನಾಂಕ ತಪ್ಪಾಗಿದ್ದರೆ ಮೊದಲೇ ತಿದ್ದಿಸುವುದು ಲೇಸು. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದು ರಾಜ್ಯದ ಕಾರ್ಡಿಗೆ ಮತ್ತೊಂದು ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆಗೆ ಯೋಜನೆಯಲ್ಲಿ ಅವಕಾಶವಿದೆ. ಆದರೆ ಜಾರಿಯ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದುದರಿಂದ, 14555 ದೂರವಾಣಿಗೆ ಕರೆ ಮಾಡಿ ಮುಂಚಿತವಾಗಿ ವಿಚಾರಿಸುವುದು ಉಚಿತ. ಹೊರರೋಗಿಯಾಗಿ ಪಡೆಯುವ ನಿತ್ಯದ ಔಷಧಿಗಳ ಖರ್ಚು ಮಾತ್ರ ಇದರಲ್ಲಿ ಸೇರುವುದಿಲ್ಲ.

ಸಹಿ ಹಾಕುವ ಮುನ್ನ

ಖಾಸಗಿ ಪಾಲಿಸಿ ಕೊಳ್ಳುವಾಗ ಪ್ರೀಮಿಯಂ ಒಂದನ್ನೇ ನೋಡಿದರೆ ಸಾಲದು. ಕೆಲವು ಪಾಲಿಸಿಗಳಲ್ಲಿ ರೋಗಿಯೂ ಬಿಲ್ಲಿನ ಒಂದು ಪಾಲನ್ನು ಭರಿಸಬೇಕೆಂಬ ಷರತ್ತಿರುತ್ತದೆ. ಆ ಪಾಲು ಶೇಕಡಾ 20 ಆಗಿದ್ದರೆ, 3 ಲಕ್ಷದ ಬಿಲ್ಲಿನಲ್ಲಿ 60,000 ರೂಪಾಯಿ ಕೈಯಿಂದಲೇ ಹೋಗುತ್ತದೆ. ಕೋಣೆಯ ಬಾಡಿಗೆಗೆ ಮಿತಿಯಿದ್ದು, ಅದಕ್ಕಿಂತ ದುಬಾರಿ ಕೋಣೆ ಪಡೆದರೆ ಇತರ ಕೆಲವು ವೆಚ್ಚಗಳಲ್ಲಿಯೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಸತ್ಯ. ಕಾಯಿಲೆಯ ಹೆಸರೆತ್ತುವುದು ಅಪಶಕುನವೆಂದೋ, ಪ್ರೀಮಿಯಂ ಏರೀತೆಂದೋ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟರೆ, ಆಪತ್ಕಾಲದಲ್ಲಿ ಕ್ಲೇಮು ತಿರಸ್ಕೃತವಾಗುವ ಸಂಭವವುಂಟು. ಏಜೆಂಟರು ತುಂಬಿದ ಅರ್ಜಿಯಾದರೂ ಓದಿಯೇ ಸಹಿ ಹಾಕಬೇಕು. ಸರಿಯಾದ ಕ್ಲೇಮನ್ನೂ ಕಂಪನಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ನ್ಯಾಯ ದೊರೆಯದಿದ್ದರೆ ವಿಮಾ ಓಂಬುಡ್ಸ್‌ಮನ್ ಅವರ ಮೊರೆಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಈ ಐದೂ ನಗರಗಳಲ್ಲಿ ಅವರ ಕಚೇರಿಗಳಿವೆ.

ವಿಶ್ವಾಸದ ಪಾತ್ರ

ಕರ್ನಾಟಕದಲ್ಲಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಒಂದು ಪಾಠವನ್ನು ಕಲಿಸಿದೆ. ವರ್ಷಕ್ಕೆ 60 ರೂಪಾಯಿ ಕೊಟ್ಟು ಲಕ್ಷಾಂತರ ರೈತರು ಅದಕ್ಕೆ ಸೇರಿದರು. ಕಂತು ಅಲ್ಪವಾಗಿತ್ತೆಂಬುದು ಒಂದು ಕಾರಣ. ಅದನ್ನು ತಮ್ಮೂರಿನ ಸಹಕಾರ ಸಂಘದ ಮೂಲಕವೇ ಸಲ್ಲಿಸಬಹುದಾಗಿತ್ತೆಂಬುದು ಮತ್ತೊಂದು. ಪರಿಚಿತ ಸಂಸ್ಥೆಯ ಬಾಗಿಲಲ್ಲಿ ಜನ ಹಿಂಜರಿಯುವುದಿಲ್ಲ.

ಹೊರನಾಡಿನಲ್ಲಿ ಹಿರಿಯರಿಗೆ ಅಂಥ ಪರಿಚಿತ ಬಾಗಿಲು ಕನ್ನಡ ಸಂಘವೇ. ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯ ಅರ್ಜಿಯ ಮುಂದೆ ತಬ್ಬಿಬ್ಬಾದವರಿಗೆ, ಕನ್ನಡದಲ್ಲಿ ವಿವರಿಸಿ ಹೇಳುವ ಒಬ್ಬ ಕಾರ್ಯಕರ್ತ ತಿಂಗಳಿಗೊಂದು ಭಾನುವಾರ ಸಂಘದಲ್ಲಿ ಕುಳಿತರೂ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಹಿರಿಯರು ತಮ್ಮ ನೋವನ್ನು ಬಚ್ಚಿಡದೆ ವೈದ್ಯರ ಮುಂದೆ ಹೇಳಿಕೊಳ್ಳುವ ಧೈರ್ಯ ಪಡೆದರೆ, ಅದೇ ಆರೋಗ್ಯ ವಿಮೆಯ ಮೊದಲ ಲಾಭ.