ತಡವಾಗಿ ಹೊರಟವರ ಓಟ



ತಪಸ್ಸು ಕಾಲದ ಒಂದು ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ನಮ್ಮ ಧರ್ಮಕೇಂದ್ರದ ಒಬ್ಬರು ದೇವಾಲಯದ ಮೆಟ್ಟಿಲ ಬಳಿ ನಿಂತೇ ಇದ್ದರು. ವಯಸ್ಸು ಐವತ್ತನಾಲ್ಕು. "ಫಾದರ್, ಈಜು ಕಲಿಯಲು ಹೋಗುತ್ತಿದ್ದೇನೆ. ಮುಂದಿನ ವರ್ಷ ಟ್ರಯಥ್ಲಾನ್‌ನಲ್ಲಿ ಭಾಗವಹಿಸಬೇಕೆಂದಿದ್ದೇನೆ. ಮನೆಯಲ್ಲಿ ನಗುತ್ತಾರೆ. ಈ ವಯಸ್ಸಿನಲ್ಲಿ ಇದು ಹುಚ್ಚೋ, ಅಹಂಕಾರವೋ, ನೀವೇ ಹೇಳಿ" ಎಂದರು. ಅಂದು ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಅವರೊಬ್ಬರದಲ್ಲ ಎನಿಸಿದ್ದರಿಂದ ಉತ್ತರವನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಮುಗಿಸುವ ಸ್ಪರ್ಧೆ. ಈಗಿನ ರೂಪದಲ್ಲಿ ಇದು 1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಆರಂಭವಾಯಿತು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೂ ಬಂತು. ಒಲಿಂಪಿಕ್ ದೂರವೆಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಇವುಗಳಲ್ಲಿ ಕಠಿಣವಾದದ್ದೆಂದು ಹೆಸರಾದ 'ಐರನ್‌ಮ್ಯಾನ್' 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಮೊದಲ ಬಾರಿಗೆ ನಡೆಯಿತು. ಅಂದು ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಅದರಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಮ್ಯಾರಥಾನ್ ಓಟ. ಸಾಮಾನ್ಯವಾಗಿ ಇವೆಲ್ಲವನ್ನೂ 17 ಗಂಟೆಗಳೊಳಗೆ ಮುಗಿಸಬೇಕು. ಬೆಳಗಿನ ಜಾವ ಹೊರಟವರಲ್ಲಿ ಹಲವರು ಮಧ್ಯರಾತ್ರಿ ಸಮೀಪಿಸುವಾಗ ಬಂದು ಸೇರುತ್ತಾರೆ.

ಇದು ಬರೀ ಯುವಕರ ಆಟ ಎಂದುಕೊಳ್ಳುವ ಮೊದಲು ಒಬ್ಬ ಧರ್ಮಭಗಿನಿಯ ಕಥೆ ಕೇಳಿ.

ನಲವತ್ತೆಂಟರಲ್ಲಿ ಮೊದಲ ಹೆಜ್ಜೆ

ಸಿಸ್ಟರ್ ಮಡೋನಾ ಬ್ಯೂಡರ್ 1930ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದವರು. 23ನೇ ವಯಸ್ಸಿನಲ್ಲಿ ಗುಡ್ ಶೆಫರ್ಡ್ ಭಗಿನಿಯರ ಸಭೆಗೆ ಸೇರಿದರು. 1854ರಷ್ಟು ಹಿಂದೆಯೇ ನಮ್ಮ ಬೆಂಗಳೂರಿಗೆ ಬಂದು ಸೇವೆ ಆರಂಭಿಸಿದ್ದು ಇದೇ ಸಭೆ. ಮುಂದೆ 1970ರಲ್ಲಿ ಅವರು ಮತ್ತೊಂದು ಭಗಿನಿಯರ ಸಮುದಾಯವನ್ನು ಸೇರಿದರು. ಓಟದ ಮೈದಾನಕ್ಕೂ ಅವರಿಗೂ ಯಾವ ನಂಟೂ ಇರಲಿಲ್ಲ. 48ನೇ ವಯಸ್ಸಿನ ಹೊತ್ತಿಗೆ ಒಬ್ಬ ಗುರುಗಳು ಅವರಿಗೆ, ಓಟ ಮನಸ್ಸು ದೇಹ ಆತ್ಮ ಮೂರನ್ನೂ ಹೊಂದಿಸುತ್ತದೆ ಎಂದು ಹೇಳಿದರಂತೆ. ಆರಿಗನ್ ಪ್ರಾಂತ್ಯದ ಕಡಲ ತೀರದಲ್ಲಿ ಅವರು ಮೊದಲ ಸಲ ಓಡಿದರು.

52ನೇ ವಯಸ್ಸಿನಲ್ಲಿ, ಐರ್ಲೆಂಡಿನ ಬ್ಯಾನ್‌ಬ್ರಿಜ್‌ನಲ್ಲಿ, ಮೊದಲ ಟ್ರಯಥ್ಲಾನ್. 55ರಲ್ಲಿ ಮೊದಲ ಐರನ್‌ಮ್ಯಾನ್. ಹಲವು ಬಾರಿ ಬಿದ್ದರು, ಮೂಳೆ ಮುರಿದುಕೊಂಡರು, ವಾಸಿಯಾದ ಮೇಲೆ ಮತ್ತೆ ಹೊರಟರು. 2006ರಲ್ಲಿ ಹವಾಯಿಯಲ್ಲಿ, 76ರ ಪ್ರಾಯದಲ್ಲಿ, ಅವರು ಗೆರೆ ದಾಟಿದಾಗ ಗಡಿಯಾರ 16 ಗಂಟೆ 59 ನಿಮಿಷ 3 ಸೆಕೆಂಡು ತೋರಿಸುತ್ತಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ಲೆಕ್ಕಕ್ಕೇ ಇಲ್ಲ! 2012ರಲ್ಲಿ, 82ರಲ್ಲಿ, ಕೆನಡಾದ ಪೆಂಟಿಕ್ಟನ್‌ನಲ್ಲಿ ಇನ್ನೊಮ್ಮೆ ಪೂರೈಸಿದರು. ಆಕೆಯ ವಯಸ್ಸಿನ ಸ್ತ್ರೀಯರಿಗೆ ವರ್ಗವೇ ಇಲ್ಲದೆ, ಮತ್ತೆ ಮತ್ತೆ ಹೊಸ ವಯೋವರ್ಗ ತೆರೆಯಬೇಕಾಯಿತು. ಜನ ಅವರನ್ನು 'ಉಕ್ಕಿನ ಸನ್ಯಾಸಿನಿ' ಎಂದು ಕರೆದರು.

ಮ್ಯಾರಥಾನ್ ಓಡುವ ಮೊದಲು ಸಿಸ್ಟರ್ ತಮ್ಮ ಧರ್ಮಾಧ್ಯಕ್ಷರ ಸಲಹೆ ಕೇಳಿದಾಗ, 'ನನ್ನ ಕೆಲವು ಗುರುಗಳೂ ನಿಮ್ಮಂತೆ ಮಾಡಿದ್ದರೆ ಚೆನ್ನಿತ್ತು' ಎಂಬರ್ಥದ ಉತ್ತರ ಬಂತಂತೆ. ಗಾಯನವೃಂದದ ಅಟ್ಟಕ್ಕೆ ಏರುವಷ್ಟರಲ್ಲಿ ಏದುಸಿರು ಬಿಡುವ ನನ್ನಂಥವನಿಗೆ ಈ ಮಾತು ನೇರವಾಗಿಯೇ ತಾಗುತ್ತದೆ.

ದೇಹ ಶತ್ರುವಲ್ಲ

ದೇಹ ಹಾಳಾದರೂ ಚಿಂತೆಯಿಲ್ಲ, ಆತ್ಮ ಚೆನ್ನಾಗಿದ್ದರೆ ಸಾಕು ಎಂಬ ಮಾತು ನಮ್ಮಲ್ಲಿ ಭಕ್ತಿಯ ಮಾತಿನಂತೆ ಕೇಳಿಸುತ್ತದೆ. ಆದರೆ ಅದು ಧರ್ಮಸಭೆಯ ಬೋಧನೆಯಲ್ಲ. ಆತ್ಮವೆಂಬುದು ದೇಹದೊಳಗೆ ಸೆರೆಯಾದ ಹಕ್ಕಿಯಲ್ಲ, ದೇಹಕ್ಕೆ ರೂಪವನ್ನೂ ಜೀವವನ್ನೂ ಕೊಡುವ ತತ್ತ್ವ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಬರೀ ನನ್ನ ಆತ್ಮವನ್ನು 'ನಾನು' ಎನ್ನಲಾಗದು ಎನ್ನುವಷ್ಟು ದೂರ ಅವರು ಹೋದರು. ಆದ್ದರಿಂದಲೇ ನಾವು ವಿಶ್ವಾಸಸಾರದಲ್ಲಿ ಶರೀರದ ಪುನರುತ್ಥಾನವನ್ನು ಒಪ್ಪಿಕೊಳ್ಳುತ್ತೇವೆ. ಅಸಿಸಿಯ ಸಂತ ಫ್ರಾನ್ಸಿಸರು ತಮ್ಮ ದೇಹವನ್ನು 'ಸಹೋದರ ಕತ್ತೆ' ಎಂದು ಕರೆದು ಕಠಿಣವಾಗಿ ದುಡಿಸಿದರು. ಕೊನೆಗಾಲದಲ್ಲಿ ಅದೇ ದೇಹದ ಕ್ಷಮೆ ಕೇಳಿದರೆಂದು ಅವರ ಚರಿತ್ರೆ ಹೇಳುತ್ತದೆ. ಐವತ್ತು ದಾಟಿದ ನಮ್ಮಲ್ಲಿ ಎಷ್ಟೋ ಜನರು ಕೇಳಬೇಕಾದ ಕ್ಷಮೆ ಅದು.

ಆದರೆ ತಡವಾಗಿ ಆರಂಭಿಸಿದವನಿಗೆ ಸಿಗುವ ದೊಡ್ಡ ಲಾಭ ಸ್ನಾಯುಬಲವಲ್ಲ. ಈಜುಕೊಳದಲ್ಲಿ ನಮ್ಮ ಆ ಧರ್ಮಕೇಂದ್ರದವರ ಪಕ್ಕದಲ್ಲೇ ಆರು ವರ್ಷದ ಮಕ್ಕಳು ಕಲಿಯುತ್ತಿದ್ದರಂತೆ. ಮಕ್ಕಳು ಮೀನಿನಂತೆ ಸಾಗಿದರೆ ಇವರು ಹತ್ತು ಮೀಟರಿಗೇ ನೀರು ಕುಡಿದು ನಿಲ್ಲುತ್ತಿದ್ದರು. ಉಸಿರಿಗಾಗಿ ತಲೆಯನ್ನು ಮೇಲೆತ್ತಿದರೆ ಕಾಲುಗಳು ಮುಳುಗುತ್ತವೆ; ಉಸಿರನ್ನು ನೀರಿನೊಳಗೇ ಬಿಟ್ಟು, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಗಾಳಿ ಎಳೆದುಕೊಳ್ಳಬೇಕು. ಇಷ್ಟು ಕಲಿಯಲು ಅವರಿಗೆ ಎರಡು ತಿಂಗಳು ಹಿಡಿಯಿತು. ಕಚೇರಿಯಲ್ಲಿ ಹತ್ತಾರು ಜನರಿಗೆ ಅಪ್ಪಣೆ ಕೊಡುತ್ತಿದ್ದ ಮನುಷ್ಯ ಇಪ್ಪತ್ತೆರಡರ ತರಬೇತುದಾರನ ಮುಂದೆ ಏನೂ ತಿಳಿಯದವನಾಗಿ ನಿಂತರು. ಮಕ್ಕಳಂತಾಗಿರಿ ಎಂಬ ಪ್ರಭುವಿನ ಕರೆಯ ಮೇಲೆ ನಾನು ಎಷ್ಟೋ ಪ್ರಬೋಧನೆ ಮಾಡಿದ್ದೇನೆ. ಅವರದನ್ನು ನೀರಿನಲ್ಲಿ ಕಲಿತರು.

ತಾಳಿಕೊಳ್ಳುವ ಸ್ಥೈರ್ಯ

ಸ್ಥೈರ್ಯ ಎಂಬ ಸದ್ಗುಣಕ್ಕೆ ಎರಡು ಕೆಲಸಗಳಿವೆ: ಮುನ್ನುಗ್ಗುವುದು, ತಾಳಿಕೊಳ್ಳುವುದು. ಇವೆರಡರಲ್ಲಿ ತಾಳಿಕೊಳ್ಳುವುದೇ ಮುಖ್ಯವೆಂದು ಅಕ್ವಿನಾಸರು ಹೇಳುತ್ತಾರೆ. ಮುನ್ನುಗ್ಗಲು ಕ್ಷಣದ ಆವೇಶ ಸಾಕು, ತಾಳಲು ದೀರ್ಘಕಾಲ ಬೇಕು. ಯುವಕರಲ್ಲಿ ಮೊದಲನೆಯದು ಹೆಚ್ಚು. ಎರಡನೆಯದನ್ನು ಬದುಕು ನಿಧಾನವಾಗಿ ಕಲಿಸುತ್ತದೆ.

ಜಪಾನಿನ ಹಿರೋಮು ಇನಾಡ 1932ರಲ್ಲಿ ಹುಟ್ಟಿದವರು. ಕಾಯಿಲೆಯ ಪತ್ನಿಯನ್ನು ನೋಡಿಕೊಳ್ಳಲೆಂದು 60ನೇ ವಯಸ್ಸಿನಲ್ಲಿ ಕೆಲಸ ಬಿಟ್ಟರು. ಆ ಶುಶ್ರೂಷೆಯ ದಿನಗಳಲ್ಲೇ ಈಜಲು ಆರಂಭಿಸಿದರು. ಮೊದಲ ಟ್ರಯಥ್ಲಾನ್ ಮಾಡಿದಾಗ 70. 2015ರಲ್ಲಿ ಹವಾಯಿಯಲ್ಲಿ ಗೆರೆಯ ಸಮೀಪವೇ ಕುಸಿದು, ಕೆಲವೇ ಸೆಕೆಂಡುಗಳಿಂದ ಅವಧಿ ತಪ್ಪಿತು. ಮರುವರ್ಷ ಅದೇ ಸ್ಥಳಕ್ಕೆ ಬಂದು ಮುಗಿಸಿದರು. 2018ರಲ್ಲಿ, 85ರಲ್ಲಿ, ಮತ್ತೆ ಮುಗಿಸಿದರು. ನನ್ನ ಮನಸ್ಸಿನಲ್ಲಿ ಉಳಿಯುವುದು ಆ ದಾಖಲೆಯಲ್ಲ, ಅದರ ಮೊದಲ ಪುಟ. ಓಟಕ್ಕೂ ಮುಂಚೆ ಅಲ್ಲಿ ಒಂದು ರೋಗಶಯ್ಯೆ ಇತ್ತು.

ಅಪಾಯ ಎಲ್ಲಿದೆ?

ಈ ಹಾದಿಯಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ದೇಹದ್ದು. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳನ್ನು ಪರಿಶೀಲಿಸಿದ ವೈದ್ಯರು, ಸಾವು ಮತ್ತು ಹೃದಯ ಸ್ತಂಭನದ 135 ಪ್ರಕರಣಗಳನ್ನು ಕಂಡರು. ಅವುಗಳಲ್ಲಿ 90 ನಡೆದದ್ದು ಈಜಿನ ಭಾಗದಲ್ಲಿ. ಬಲಿಯಾದವರಲ್ಲಿ ಹೆಚ್ಚಿನವರು ಗಂಡಸರು, ಅದರಲ್ಲೂ ಮಧ್ಯವಯಸ್ಸಿನವರು ಮತ್ತು ಹಿರಿಯರು. ಒಂದು ಲಕ್ಷ ಸ್ಪರ್ಧಿಗಳಿಗೆ ಸುಮಾರು ಎರಡು ಎಂಬಷ್ಟೇ ಈ ಪ್ರಮಾಣ ಇದ್ದರೂ, ತಪಾಸಣೆಯಿಲ್ಲದೆ ಇಳಿಯುವುದು ಧೈರ್ಯವಲ್ಲ, ಅವಿವೇಕ. ವಿವೇಕವೂ ಒಂದು ಸದ್ಗುಣವೇ.

ಎರಡನೆಯ ಅಪಾಯ ಮನೆಯದ್ದು. ವಾರಕ್ಕೆ ಎಂಟು ಹತ್ತು ಗಂಟೆಗಳ ತಾಲೀಮು ಎಂದರೆ ಅದು ಯಾರದ್ದೋ ಸಮಯ. ಗಂಡ ಬೆಳಿಗ್ಗೆ ಐದಕ್ಕೆ ಸೈಕಲ್ ಏರಿ ಹೋದರೆ ಮಕ್ಕಳ ಬುತ್ತಿ ಕಟ್ಟುವುದು, ಮುದಿ ತಾಯಿಗೆ ಔಷಧಿ ಕೊಡುವುದು ಯಾರು? ಭಾನುವಾರದ ದೀರ್ಘ ಸವಾರಿ ಬಲಿಪೂಜೆಯನ್ನು ನುಂಗಿದರೆ? ಹೆಂಗಸು ಈಜು ಕಲಿಯುತ್ತೇನೆಂದಾಗ ಮನೆಯವರೇ ಅಡ್ಡಿಪಡಿಸಿದರೆ? ಕೊರಿಂಥದ ಬಳಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಇಸ್ತ್‌ಮಿಯ ಕ್ರೀಡೆಗಳನ್ನು ಬಲ್ಲ ಜನರಿಗೆ ಸಂತ ಪೌಲರು ಪತ್ರ ಬರೆದರು. ಬಾಡಿಹೋಗುವ ಎಲೆಯ ಕಿರೀಟಕ್ಕಾಗಿ ಓಟಗಾರ ಪಡುವ ಶಿಸ್ತನ್ನು ಅವರು ಮೆಚ್ಚಿದರು. ಆದರೆ ಆ ಕಿರೀಟವನ್ನೇ ಗುರಿ ಎನ್ನಲಿಲ್ಲ. ತಾಲೀಮು ಮುಗಿಸಿ ಮನೆಗೆ ಬಂದವರು ಮೊದಲಿಗಿಂತ ಹೆಚ್ಚು ತಾಳ್ಮೆಯ ತಂದೆ, ತಾಯಿ, ಸಂಗಾತಿ ಆಗಿದ್ದಾರೆಯೇ? ಇದೇ ಅಳತೆಗೋಲು.

ಆರಂಭಿಸುವವರಿಗೆ ಕೆಲವು ಮಾತು

1. ನಲವತ್ತು ದಾಟಿದವರು ಮೊದಲು ವೈದ್ಯರನ್ನು ಕಾಣಿರಿ. ರಕ್ತದೊತ್ತಡ, ಸಕ್ಕರೆ, ಹೃದಯ ಪರೀಕ್ಷಿಸಿಕೊಳ್ಳಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ.

2. ಈಜನ್ನು ತರಬೇತುದಾರರಿಂದ ಕೊಳದಲ್ಲಿ ಕಲಿಯಿರಿ. ಕೆರೆ, ನದಿ, ಸಮುದ್ರಕ್ಕೆ ಒಬ್ಬರೇ ಇಳಿಯಬೇಡಿ.

3. ಚಿಕ್ಕ ದೂರದಿಂದ ತೊಡಗಿ. 'ಸ್ಪ್ರಿಂಟ್' ಎಂಬ ವಿಭಾಗದಲ್ಲಿ 750 ಮೀ. ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನಮ್ಮ ನೆರೆಯ ಗೋವಾದಲ್ಲಿ 2019ರಲ್ಲಿ ಆರಂಭವಾದ ಅರ್ಧ ಐರನ್‌ಮ್ಯಾನ್ 1.9, 90 ಮತ್ತು 21.1 ಕಿ.ಮೀ.ಗಳದ್ದು, ಅದು ಮೊದಲ ಮೆಟ್ಟಿಲಲ್ಲ.

4. ದುಬಾರಿ ಸೈಕಲ್ ಬೇಡ. ಸರಿಯಾದ ಬ್ರೇಕ್, ತಲೆಗೆ ಹೆಲ್ಮೆಟ್ ಇದ್ದರೆ ಸಾಕು. ಸೈಕಲ್‌ನಿಂದ ಇಳಿದು ಓಡತೊಡಗಿದಾಗ ಕಾಲುಗಳು ಬೇರೆ ಯಾರದ್ದೋ ಎನಿಸುತ್ತವೆ. ಇವೆರಡನ್ನೂ ಬೆನ್ನುಬೆನ್ನಿಗೆ ಅಭ್ಯಾಸ ಮಾಡಿದರೆ ಮಾತ್ರ ಅದು ಒಗ್ಗುತ್ತದೆ.

5. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಆಯಾಸ ಇಳಿಯಲು ಹೆಚ್ಚು ಹೊತ್ತು ಬೇಕು. ವಾರಕ್ಕೆರಡು ಬಾರಿ ಬಲವರ್ಧನೆಯ ವ್ಯಾಯಾಮ ಮಾಡಿ, ಒಂದು ದಿನ ಪೂರ್ಣ ವಿಶ್ರಾಂತಿ ಪಡೆಯಿರಿ. ಸೃಷ್ಟಿಕರ್ತನೇ ಏಳನೆಯ ದಿನ ವಿಶ್ರಮಿಸಿದನಲ್ಲವೇ!

6. ತಾಲೀಮಿನ ವೇಳಾಪಟ್ಟಿಯನ್ನು ಮನೆಯವರೊಂದಿಗೆ ಕುಳಿತು ಮಾಡಿ.

ಸಂಜೆ ಐದರ ಕೂಲಿಗಳು

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ನಿಮಗೆ ಗೊತ್ತು. ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಪೂರ್ತಿ ಕೂಲಿ ಕೊಟ್ಟ. ಐರನ್‌ಮ್ಯಾನ್‌ನಲ್ಲೂ ಎಂಟು ಗಂಟೆಯಲ್ಲಿ ಮುಗಿಸಿದವರಿಗೂ ಹದಿನೇಳನೆಯ ಗಂಟೆಯ ಕೊನೆಯ ನಿಮಿಷದಲ್ಲಿ ಬಂದವರಿಗೂ ಅದೇ ಬಿರುದು. ಹವಾಯಿಯಲ್ಲಿ ಮಧ್ಯರಾತ್ರಿಗೆ ಕುಂಟುತ್ತಾ ಬರುವ ಕೊನೆಯವರಿಗಾಗಿ ಜನ ಕಾದು ನಿಂತು ಚಪ್ಪಾಳೆ ತಟ್ಟುತ್ತಾರೆ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ರಕ್ಷಣೆ ಕಾಲ್ಬಲದಿಂದ ಸಂಪಾದಿಸುವ ಪದಕವಲ್ಲ, ಅದು ದೇವರ ಕೃಪೆ. ಹಾಸಿಗೆ ಹಿಡಿದು ಒಂದು ಹೆಜ್ಜೆಯನ್ನೂ ಇಡಲಾಗದವರು ಆ ಕೃಪೆಯಲ್ಲಿ ನಮಗಿಂತ ಮುಂದಿರಬಹುದು. ಆದರೂ 'ಇನ್ನೇನು ಮುಗಿಯಿತು' ಎಂದು ಐವತ್ತರಲ್ಲೇ ಸಂತೆಕಟ್ಟೆಯಲ್ಲಿ ಸುಮ್ಮನೆ ಕುಳಿತವರನ್ನು ಯಜಮಾನ ಇನ್ನೂ ಕರೆಯುತ್ತಿದ್ದಾನೆ. ಒಬ್ಬರಿಗೆ ಅದು ಈಜುಕೊಳ, ಇನ್ನೊಬ್ಬರಿಗೆ ಅರ್ಧಕ್ಕೆ ಬಿಟ್ಟ ಓದು, ಮತ್ತೊಬ್ಬರಿಗೆ ಮಾತು ಬಿಟ್ಟ ತಮ್ಮನ ಮನೆಯ ಬಾಗಿಲು.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: "ಹುಚ್ಚಲ್ಲ. ಅಹಂಕಾರವೋ ಅಲ್ಲವೋ ಎಂಬುದನ್ನು ನಿಮ್ಮ ಹೆಂಡತಿಯನ್ನು ಕೇಳಿ." ಅವರು ಕೇಳಿದರು. ಈಗ ಭಾನುವಾರದ ಸೈಕಲ್ ಶನಿವಾರಕ್ಕೆ ಬಂದಿದೆ. ಸಂಜೆಯ ನಡಿಗೆಗೆ ಅವರಿಬ್ಬರೂ ಜೊತೆಯಾಗಿ ಹೊರಡುತ್ತಾರೆ.

ಮನೆಯಲ್ಲಿ ಚಿಂತನೆಗೆ

* 'ಇನ್ನು ನನ್ನ ಕೈಲಾಗದು' ಎಂದು ನಾನು ಬಿಟ್ಟ ಒಳ್ಳೆಯ ಕೆಲಸ ಯಾವುದು? ಅದನ್ನು ತಡೆದದ್ದು ವಯಸ್ಸೋ, ನಾಚಿಕೆಯೋ?

* ನನ್ನ ಹವ್ಯಾಸದ ಬೆಲೆಯನ್ನು ಮನೆಯಲ್ಲಿ ಯಾರು ತೆರುತ್ತಿದ್ದಾರೆ?

* ನಮ್ಮ ಮನೆಯ ಹಿರಿಯರು ಹೊಸದನ್ನು ಕಲಿಯಲು ಹೊರಟಾಗ ನಾವು ನಗುತ್ತೇವೆಯೋ, ಕಾದು ನಿಂತು ಚಪ್ಪಾಳೆ ತಟ್ಟುತ್ತೇವೆಯೋ?